ಬೀರುವಿನೊಳಗಿನ ಹಂದಿತೊಡೆ

ಸ್ಪೇನಿನ ಗ್ರನಾದಾದಲ್ಲಿ ಬಾಡಿಗೆ ಕೋಣೆ ಹುಡುಕುವುದಕ್ಕಿಂತ ಫಾರ್ಮಸಿ ಪರೀಕ್ಷೆ ಪಾಸು ಮಾಡುವುದು ಸುಲಭ. ಎರಡನ್ನೂ ಮಾಡಿದವಳು ನಾನು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಮೊರಾಕ್ಕೊದ ತೆತುವಾನಿನಿಂದ ಕಡಲು ದಾಟಿ ಇಲ್ಲಿಗೆ ಓದಲು ಬರುವ ನಮ್ಮಂಥ ಹುಡುಗಿಯರದೆಲ್ಲ ಒಂದೇ ಪಾಡು. ಫೋನಿನಲ್ಲಿ ‘ಬಂದು ನೋಡು’ ಅನ್ನುವವರು ಹೆಸರು ಕೇಳಿದ ಮೇಲೆ ‘ಅಯ್ಯೋ, ಈಗತಾನೇ ಬೇರೆಯವರಿಗೆ ಕೊಟ್ವಿ’ ಅನ್ನುತ್ತಾರೆ. ಈ ಮನೆಯೊಡತಿ ಅಂಗುಸ್ತಿಯಾಸ್ ಮಾತ್ರ ನನ್ನ ಹೆಸರೇ ಕೇಳಲಿಲ್ಲ. ಬಾಗಿಲು ತೆರೆದವರೇ ನನ್ನ ಕಾಲು ನೋಡಿ, “ಈ ಚಳಿಯಲ್ಲಿ ಸಾಕ್ಸ್ ಇಲ್ದೆ ಓಡಾಡ್ತಿದೀಯಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ ನಿನಗೆ?” ಅಂತ ಗದರಿದರು. ಕೋಣೆ ನನ್ನದಾಯಿತು.

ಅವರ ಗಂಡ ಬಸ್ ಓಡಿಸುತ್ತಿದ್ದವರು, ತೀರಿಕೊಂಡಿದ್ದರು. ಮಕ್ಕಳಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಬೆಟ್ಟದ ಮೇಲಿನ ತ್ರೆವೆಲೆಸ್‌ನಿಂದ ಅಂಗುಸ್ತಿಯಾಸ್ ಅವರ ತಮ್ಮ ಉಪ್ಪು ಹಾಕಿ ಒಣಗಿಸಿದ ಒಂದು ಹಂದಿತೊಡೆ ಕಳಿಸುತ್ತಿದ್ದ. ಅದು ಅಡುಗೆಮನೆಯ ಕಟ್ಟೆಯ ಮೇಲೆ, ಅದಕ್ಕೆಂದೇ ಮಾಡಿಸಿದ ಮರದ ಸ್ಟ್ಯಾಂಡಿನಲ್ಲಿ, ಮನೆಯ ಯಜಮಾನನ ಹಾಗೆ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಮೊದಲ ದಿನವೇ ನನ್ನ ಮುಂದೆ ಬೇಳೆಯ ಸಾರು ಇಟ್ಟರು.

“ಇದರಲ್ಲಿ ಹಂದಿ ಇದೆಯಾ ಸೆನ್ಯೋರಾ?”

“ಛೆ, ಮಾಂಸವೇ ಹಾಕಿಲ್ಲ. ರುಚಿಗೆ ಅಂತ ಒಂದು ಮೂಳೆ ಅಷ್ಟೇ.”

ನಾನು ಚಮಚ ಕೆಳಗಿಟ್ಟೆ. ಅವರಿಗೆ ಸಿಟ್ಟು ಬಂತು. ಮೂಳೆ ಹೇಗೆ ಹಂದಿಯಾಗುತ್ತದೆ ಅಂತ ಅರ್ಧ ಗಂಟೆ ವಾದ ಮಾಡಿದರು. ಮರುದಿನ ಮಾರ್ಕೆಟ್ಟಿನಿಂದ ಹೊಸ ಪಾತ್ರೆಯೊಂದನ್ನು ತಂದು, “ಇದು ಹಂದಿಯ ಮುಖ ನೋಡಿಲ್ಲ, ನೋಡೋದೂ ಇಲ್ಲ,” ಅಂತ ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದರು. ಆ ಪಾತ್ರೆಯ ಋಣ ನನ್ನ ಮೇಲೆ ಇನ್ನೂ ಇದೆ.

ಫೆಬ್ರವರಿಯಲ್ಲಿ ಅಮ್ಮನ ಫೋನು ಬಂತು. ನನ್ನಮ್ಮ ರಾಹಿಮೊ, ಒಂದು ಮಾತು ಆಡಿದರೆ ಮುಗಿಯಿತು. “ಶನಿವಾರ ಬರ್ತೀನಿ. ನೀನಿರೋ ಮನೆ ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ವಾಪಸ್ ಬಸ್ಸಿಗೆ ನೀನೂ ಹತ್ತು ವಫಾ. ಓದಿದ್ದು ಸಾಕು.”

ಇದನ್ನು ಹೇಳಿದಾಗ ಅಂಗುಸ್ತಿಯಾಸ್ ಪಾತ್ರೆ ಒರೆಸುವ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಹೋಗಿಬಿಡ್ತೀಯಾ?” ಅಂದರು. ಆಮೇಲೆ ಶನಿವಾರದವರೆಗೂ ಇಬ್ಬರೂ ಮನೆ ತಿಕ್ಕಿದ್ದೇ ತಿಕ್ಕಿದ್ದು.

ಅಮ್ಮ ಜೇನು ಸುರಿದ ಬಾದಾಮಿ ಮಿಠಾಯಿಯ ಡಬ್ಬಿ ಹಿಡಿದು ಬಂದಳು. ತೆತುವಾನಿನ ಹಳಬರಿಗೆಲ್ಲ ಸ್ಪ್ಯಾನಿಷ್ ಬರುತ್ತದೆ, ಅಮ್ಮನಿಗೂ ಬರುತ್ತಿತ್ತು, ಹಾಗಾಗಿ ನಡುವೆ ನಿಂತು ಮಾತು ತಿದ್ದುವ ಅವಕಾಶವೂ ನನಗಿರಲಿಲ್ಲ. ಸಿಂಕಿನ ಕೆಳಗೆ ಬಗ್ಗಿ ನೋಡಿದಳು. ಕೆಂಪು ದಾರದ ಪಾತ್ರೆಯ ಕತೆ ಕೇಳಿ ತಲೆಯಾಡಿಸಿದಳು. ಕಟ್ಟೆಯ ಮೇಲೆ ಹಂದಿತೊಡೆ ಇದ್ದ ಜಾಗದಲ್ಲಿ ಒಂದು ಹೂಕುಂಡ ಕೂತಿತ್ತು. ಪಕ್ಕದ ಮನೆಗೆ ಸಾಗಿಸಿದ್ದಾರೆ ಅಂದುಕೊಂಡು ನಾನು ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಅಮ್ಮ ತನ್ನ ಶಾಲು ತೂಗುಹಾಕಲು ನನ್ನ ಕೋಣೆಗೆ ಹೋಗಿ ಬೀರು ತೆಗೆದಳು.

ಹಂದಿತೊಡೆ ಅಲ್ಲಿ ನೇತಾಡುತ್ತಿತ್ತು. ನನ್ನ ಚಳಿಗಾಲದ ಕೋಟು ತೊಟ್ಟಿತ್ತು, ಗುಂಡಿ ಪೂರ್ತಿ ಹಾಕಿತ್ತು. ಗೊರಸಿಗೆ ನನ್ನ ಉಣ್ಣೆ ಟೋಪಿ.

ಮುಗೀತು, ಬ್ಯಾಗು ಕಟ್ಟುವುದೊಂದೇ ಬಾಕಿ ಅಂದುಕೊಂಡೆ.

“ಏನಿದು?” ಅಂದಳು ಅಮ್ಮ.

“ನನ್ನ ತಮ್ಮ ಕಳಿಸಿದ್ದು,” ಅಂದರು ಅಂಗುಸ್ತಿಯಾಸ್. “ಅಡುಗೆಮನೆಯಲ್ಲಿದ್ರೆ ನಿಮ್ಮ ಕಣ್ಣಿಗೆ ಬೀಳುತ್ತೆ ಅಂತ...”

“ಅಂತ ನನ್ನ ಮಗಳ ಬೀರುನಲ್ಲಿ ಇಟ್ರಾ?”

“ಅಡುಗೆಮನೆ ಬಿಟ್ರೆ ಬಿಸಿಲು ಬೀಳದೆ ತಂಪಾಗಿರೋದು ಇದೊಂದೇ ಕೋಣೆ. ಬೇರೆ ಕಡೆ ಇಟ್ರೆ ಕೆಟ್ಟುಹೋಗುತ್ತೆ.” ಇಷ್ಟು ಹೇಳಿ ಅವರು ನನ್ನ ಮಂಚದ ತುದಿಯಲ್ಲಿ ಕುಸಿದು ಕೂತರು. “ತಪ್ಪಾಯ್ತು. ಆದ್ರೆ ಇವಳನ್ನ ಕರ್ಕೊಂಡು ಹೋಗ್ಬೇಡಿ. ನಮ್ಮ ಯಜಮಾನ್ರು ಹೋದ್ಮೇಲೆ ನಾನು ಅಡುಗೆಮನೆಯಲ್ಲಿ ನಿಂತ್ಕೊಂಡೇ ಏನೋ ಒಂದಿಷ್ಟು ಬಾಯಿಗೆ ಹಾಕ್ಕೊಳ್ತಿದ್ದೆ. ಇವಳು ಬಂದ್ಮೇಲೆ ಮೇಜಿಗೆ ಬಟ್ಟೆ ಹಾಸಿ, ಕೂತು ಊಟ ಮಾಡ್ತಿದೀನಿ.”

ಅಮ್ಮ ಬೀರುವಿನ ಬಾಗಿಲು ಮುಚ್ಚಿದಳು.

“ನಾನೂ ಈಗ ನಿಂತ್ಕೊಂಡೇ ತಿನ್ನೋದು,” ಅಂದಳು. “ಇವಳು ಈ ಕಡೆ ಬಂದಾಗಿನಿಂದ.”

ಅಪ್ಪ ಹೋದ ಮೇಲೆ ಮನೆಯಲ್ಲಿದ್ದವರು ನಾವಿಬ್ಬರೇ. ಊಟ ಆಯ್ತಾ ಅಂತ ದಿನಾ ಫೋನಿನಲ್ಲಿ ಕೇಳುತ್ತಿದ್ದೆ, ಚೆನ್ನಾಗಿ ಆಯ್ತು ಅನ್ನುತ್ತಿದ್ದಳು. ನಾನು ಅತ್ತುಬಿಟ್ಟೆ.

ಅಮ್ಮ ಅಂಗುಸ್ತಿಯಾಸ್ ಪಕ್ಕದಲ್ಲಿ ಹೋಗಿ ಕೂತಳು. “ಇವಳು ಇಲ್ಲೇ ಇರ್ಲಿ ಬಿಡಿ. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಕೂತು ತಿನ್ನೋಣ.” ಆಮೇಲೆ ನನ್ನ ಕಡೆ ತಿರುಗಿ, “ಅಳೋದು ಸಾಕು. ಆ ಕೋಟು ಬಿಚ್ಚು, ಒಗೀಬೇಕು. ಆ ತೊಡೆನ ಅದರ ಜಾಗಕ್ಕೆ ಸೇರಿಸು, ಈ ಮನೆ ಅವರದು,” ಅಂದಳು.

ನಾನು ಓದು ಮುಗಿಸಿ ಇದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಇದೇ ಮನೆಯಲ್ಲಿದ್ದೇನೆ. ಅಂಗುಸ್ತಿಯಾಸ್ ಅವರ ತಮ್ಮ ಕಳಿಸುವ ಹಂದಿತೊಡೆ ಈಗಲೂ ಕಟ್ಟೆಯ ಮೇಲೆ ಕಾಲು ಚಾಚಿರುತ್ತದೆ. ಅಂಗುಸ್ತಿಯಾಸ್ ಅವರ ಮಂಡಿ ಹೋಗಿದೆ, ಮೇಜಿಗೆ ಬಟ್ಟೆ ಹಾಸುವುದು ನನ್ನ ಕೆಲಸ. ನೀರಿನ ಹೂಜಿಗೆ ಒರಗಿಸಿ ಫೋನು ಇಡುತ್ತೇನೆ. ತೆತುವಾನಿನಿಂದ ಅಮ್ಮ ಮೊದಲು ಕೇಳುವುದು ನನ್ನನ್ನಲ್ಲ, ಅವರನ್ನು.

“ಕೂತ್ಕೊಂಡ್ರಾ?”

“ಕೂತ್ಕೊಂಡೆ. ನೀವು?”

“ನಾನೂ ಕೂತೆ.”

ಆಮೇಲೆ ಇಬ್ಬರೂ ಊಟ ಶುರುಮಾಡುತ್ತಾರೆ.