ಬಲಕ್ಕೆ ತೆರೆಯುವ ಮುಚ್ಚಳ

ಕಾರ್ಖಾನೆಯಲ್ಲಿ ನನ್ನ ದೊಡ್ಡಮ್ಮನ ಅಡ್ಡಹೆಸರು ಕೂದಲೆಳೆ. ಯುದ್ಧಟ್ಯಾಂಕಿನ ಯಾವ ಬಿಡಿಭಾಗ ತಂದು ಮೇಜಿನ ಮೇಲಿಟ್ಟರೂ ಅಳೆದು, "ಒಂದು ಕೂದಲೆಳೆ ಜಾಸ್ತಿ ಇದೆ, ತಗೊಂಡ್ಹೋಗಿ" ಎನ್ನುವವಳು. ಅವಳ ಮುದ್ರೆ ಬೀಳದೆ ಏನೂ ಹೊರಗೆ ಹೋಗುವಂತಿರಲಿಲ್ಲ. ನಾನು ಅಲ್ಲೇ ವೆಲ್ಡಿಂಗ್ ಮಾಡುತ್ತೇನೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ, ಪಕ್ಷಪಾತವಿಲ್ಲದೆ ಮಾತ್ರ ಹೇಳಲಾರೆ.

ಹನ್ನೊಂದು ವರ್ಷದ ಹಿಂದೆ ಹೊರದೇಶದ ನಕ್ಷೆಯೊಂದು ಬಂತು. ವಸ್ತುವನ್ನು ಬಲಗಡೆಯಿಂದ ನೋಡಿದ ಚಿತ್ರವನ್ನು ನಮ್ಮವರು ಎಡಗಡೆ ಬರೆಯುತ್ತಾರೆ, ಆ ದೇಶದವರು ಬಲಗಡೆಯೇ ಬರೆಯುತ್ತಾರೆ. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿ ಉಗುರಿನಷ್ಟು ಗುರುತು ಇರುತ್ತದೆ. ಅದನ್ನು ನೋಡದೆ ಓದಿದರೆ ತಯಾರಾದ ತುಂಡು ಎಡಬಲ ಅದಲುಬದಲಾಗುತ್ತದೆ. ಆಗಿನ ಎಂಜಿನಿಯರ್ ನೋಡಲಿಲ್ಲ. ದೊಡ್ಡಮ್ಮ ನಕ್ಷೆಯ ಅಂಚಿನಲ್ಲೇ ಆಕ್ಷೇಪ ಬರೆದಳು. ಆತ ಆ ಹಾಳೆಯನ್ನೇ ಮಾಯ ಮಾಡಿ ಹೊಸ ಹಾಳೆ ಇಟ್ಟ, ಅವಳು ರಜೆಯಲ್ಲಿದ್ದ ದಿನ ಅದಕ್ಕೆ ಅವಳ ಮುದ್ರೆ ಒತ್ತಿದ. ನಲವತ್ತು ತುಂಡು ಗುಜರಿಗೆ ಹೋದವು. ವಿಚಾರಣೆಯಲ್ಲಿ ಎಲ್ಲರೆದುರು ಕೇಳಿದ: "ಎಡ-ಬಲ ಗೊತ್ತಿಲ್ವೇನಮ್ಮಾ ನಿಮ್ಗೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಸೇವಾ ಪುಸ್ತಕದಲ್ಲಿ 'ನಿರ್ಲಕ್ಷ್ಯ' ಎಂದು ಕೆಂಪು ಸಾಲು ಬಿತ್ತು. ಗೋಡೌನಿನಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸಿದರು.

"ಬಿಟ್ಬಿಡು ದೊಡ್ಡಮ್ಮಾ" ಎಂದು ನಾನೇ ಒಮ್ಮೆ ಹೇಳಿದ್ದೆ.

"ಬಿಡ್ತೀನಿ. ಹಾಳೆ ಏನಾಯ್ತು ಅಂತ ಅವನ ಬಾಯಿಂದ್ಲೇ ಬರ್ಲಿ, ಆಮೇಲೆ ಬಿಡ್ತೀನಿ."

ಅವಳ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಮೂರು ದೇಶ ಸೇರಿ ಹೊಸ ಪೀಳಿಗೆಯ ಟ್ಯಾಂಕ್ ಮಾಡುವ ಯೋಜನೆ ಬಂತು. ಎಂಜಿನ್ ಒಬ್ಬರದು, ಫಿರಂಗಿ ಇನ್ನೊಬ್ಬರದು, ಒಡಲು ನಮ್ಮದು. ಪಳಗಿದ ಕೈಗಳೇ ಅಳತೆ ನೋಡಬೇಕೆಂದು ಪಾಲುದಾರರು ಪಟ್ಟು ಹಿಡಿದದ್ದರಿಂದ ದೊಡ್ಡಮ್ಮ ಮತ್ತೆ ತನ್ನ ಮೇಜಿಗೆ ಬಂದಳು. ಆ ಎಂಜಿನಿಯರ್ ಅಷ್ಟರಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದ. ಹೊಸ ನಿಯಮವೊಂದು ಗೋಡೆಗೆ ಅಂಟಿತ್ತು: ಪ್ರತಿ ನಕ್ಷೆ, ಪ್ರತಿ ಟಿಪ್ಪಣಿಯ ನಕಲು ಅಂದೇ ಮೂರೂ ದೇಶಕ್ಕೆ ಹೋಗಬೇಕು. ಅದನ್ನು ಓದಿ ದೊಡ್ಡಮ್ಮ ಎಷ್ಟೋ ವರ್ಷಗಳ ಮೇಲೆ ನಕ್ಕಳು.

"ಇನ್ನು ಹಾಳೆ ಹರೀಬೇಕಂದ್ರೆ ಮೂರು ದೇಶ ಸುತ್ತಿ ಹರೀಬೇಕು ನೋಡು."

ಚಾಲಕನ ತಲೆಯ ಮೇಲೆ ಬಲಕ್ಕೆ ತೆರೆಯುವ ಮುಚ್ಚಳವನ್ನು ಹಿಡಿಯುವ ತೋಳಿನ ನಕ್ಷೆ ಬಂತು. ಮೂಲೆಯಲ್ಲಿ ಅದೇ ಹೊರಗಿನ ಪದ್ಧತಿಯ ಗುರುತು. ಮುಖ್ಯಸ್ಥ ಈ ಸಲವೂ ನೋಡಿರಲಿಲ್ಲ. ದೊಡ್ಡಮ್ಮ ಆಕ್ಷೇಪ ಬರೆದು ಒಯ್ದಳು.

"ನಾನು ಹೇಳ್ದಂಗೆ ಮಾಡ್ಸಿ. ನಂಗೆ ಪಾಠ ಬೇಡ."

"ಅದನ್ನೇ ಬರ್ದು ಸಹಿ ಹಾಕ್ಕೊಡಿ ಸರ್."

ಆತ ಬರೆದ, ಸಹಿಯನ್ನೂ ಗೀಚಿದ. ದೊಡ್ಡಮ್ಮ ಮೇಲಿನವರ ಬಳಿ ಹೋಗಿ ಕೂಗಬಹುದಿತ್ತು. ಹೋಗಲಿಲ್ಲ. ಆತ ಹೇಳಿದಂತೆಯೇ ತೋಳು ತಯಾರಾಯಿತು. ಅವಳು ಹೇಳಿದಂತೆ ಸರಿಯಾದ ತೋಳೊಂದನ್ನು ನಾನೇ ಬೆಸೆದುಕೊಟ್ಟೆ. ಅದನ್ನು ಹಳೇ ಟವೆಲಿನಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು. ಜೋಡಣೆಗೆ ಉಳಿದಿದ್ದ ಮೂರು ವಾರ ಅವಳಿಗೆ ಮಂಡಿನೋವೂ ಬರಲಿಲ್ಲ.

ಜೋಡಣೆಯ ದಿನ ಮೂರೂ ದೇಶದವರು ಸುತ್ತ ನಿಂತಿದ್ದರು. ಮುಚ್ಚಳ ಅರ್ಧಕ್ಕೆ ನಿಂತಿತು. "ಈ ತೋಳು ನನ್ನ ಎದೆಗೇ ಒತ್ತುತ್ತಾ ಇದೆ" ಎಂದು ಒಳಗಿನಿಂದ ಚಾಲಕ ಕೂಗಿದ.

"ಅಳತೆ ನೋಡಿದ್ಯಾರು?" ಎಂದು ಮುಖ್ಯಸ್ಥ ದೊಡ್ಡಮ್ಮನ ಕಡೆ ತಿರುಗಿದ.

ಹೊರದೇಶದ ಮಹಿಳಾ ಎಂಜಿನಿಯರ್ ತನ್ನ ಕಡತ ತೆರೆದರು. ದೊಡ್ಡಮ್ಮನ ಆಕ್ಷೇಪ, ತಾರೀಖು, ಕೆಳಗೆ ಮುಖ್ಯಸ್ಥನ ಆದೇಶ ಮತ್ತು ಸಹಿ, ಎಲ್ಲವನ್ನೂ ಓದಿದರು. ದುಭಾಷಿ ಅದನ್ನು ನಮಗೆ ಹೇಳಿದ. ಹೊಸ ತೋಳಿಗೆ ಎಷ್ಟು ದಿನ ಬೇಕೆಂದು ಅವರು ಕೇಳಿದಾಗ ಮುಖ್ಯಸ್ಥ ಬೆರಳೆಣಿಸತೊಡಗಿದ. ಇನ್ನೂ ಮೂರು ವಾರ ಎಂದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆ, ಅವನ ಕುರ್ಚಿಯೂ ಹೋಗುತ್ತದೆ.

"ಸರಿಯಾದ್ದು ನನ್ನ ಹತ್ರ ಇದೆ" ಎಂದಳು ದೊಡ್ಡಮ್ಮ. "ಮೊದ್ಲು ಆ ನಲವತ್ತು ತುಂಡಿನ ಹಾಳೆ ಏನಾಯ್ತು ಹೇಳಿ ಸರ್."

ಆತ ನೆಲ ನೋಡಿದ. "ನಾನೇ ಬದಲಾಯ್ಸಿದ್ದು."

"ಜೋರಾಗಿ ಹೇಳಿ. ಬರ್ಕೊಳ್ಳೋರಿಗೆ ಕೇಳಿಸ್ಬೇಕು."

ಇನ್ನೊಮ್ಮೆ ಹೇಳಿದ. ಅದು ಸಭೆಯ ವರದಿಯಲ್ಲಿ ಸೇರಿ ಸಂಜೆಯೊಳಗೆ ಮೂರು ದೇಶ ತಲುಪಿತು. ಕೆಂಪು ಸಾಲನ್ನು ರದ್ದು ಮಾಡಿದ ಕಾಗದ ಬಂದದ್ದು ಅವಳ ನಿವೃತ್ತಿಯ ಹಿಂದಿನ ವಾರ. ಅದನ್ನು ಓದಿ ಮಡಚಿ ಅಕ್ಕಿ ಡಬ್ಬದ ಕೆಳಗಿಟ್ಟಳು, ಅಷ್ಟೆ. ಅವಳ ಹೊಟ್ಟೆ ತಣ್ಣಗಾದದ್ದು ಜೋಡಣೆಯ ದಿನವೇ.

ಅಂದು ಟವೆಲ್ ಬಿಚ್ಚಿ, ಆ ತೋಳನ್ನು ಫಿಟ್ಟರನಿಗೆ ಕೊಡದೆ ಮುಖ್ಯಸ್ಥನ ಕೈಗೇ ಇಟ್ಟಳು. "ನೀವೇ ಕೂರ್ಸಿ ಸರ್." ಆತ ಅದನ್ನು ಹೀಗೆ ಹಿಡಿದ, ಹಾಗೆ ತಿರುಗಿಸಿದ, ಮತ್ತೆ ಹೀಗೆ ಹಿಡಿದ. ಯಾರೂ ನೆರವಿಗೆ ಬರಲಿಲ್ಲ. ನನ್ನ ಕೈಯಲ್ಲೇ ತಯಾರಾದ ತುಂಡು, ನಾನೂ ಹೋಗಲಿಲ್ಲ.

"ಎಡ-ಬಲ ಗೊತ್ತಿಲ್ವೇ ಸರ್ ನಿಮ್ಗೆ?" ಎಂದು ದೊಡ್ಡಮ್ಮ ಮೆಲ್ಲಗೆ ಕೇಳಿದಳು.

ದುಭಾಷಿ ಅದನ್ನೂ ಬಿಡದೆ ಇನ್ನೆರಡು ದೇಶದವರ ಭಾಷೆಯಲ್ಲೂ ಹೇಳಿದ.