ಹೆಣ್ಣು ನೋಡೋಕೆ ಬಂದ ದಿನ ಸತ್ತ ನನ್ನ ನೊಣಗಳು

ನಾನು ತಲೆಗೆ ನೀರು ಹಾಕ್ಕೊಂಡು ಬಚ್ಚಲಿಂದ ಈಚೆ ಬರೋಷ್ಟರಲ್ಲಿ ನಮ್ಮ ದೊಡ್ಡಪ್ಪ ನನ್ನ ರಿಸರ್ಚ್ ಮುಗಿಸಿಬಿಟ್ಟಿದ್ರು. ಕೈಯಲ್ಲಿ ಸೊಳ್ಳೆ ಔಷಧಿ ಪಂಪು, ಮನೆ ತುಂಬಾ ಸೀಮೆಎಣ್ಣೆ ವಾಸನೆ.

ಎಂಬತ್ತರ ದಶಕದ ಶುರು. ಶ್ರೀರಾಂಪುರದಲ್ಲಿ ನಮ್ಮನೆ. ನಾನು ಹಣ್ಣಿನ ನೊಣದ ಮೇಲೆ ಪಿಎಚ್.ಡಿ. ಮಾಡ್ತಿದ್ದೆ. ಹೂಂ, ಕಳಿತ ಬಾಳೆಹಣ್ಣಿನ ಮೇಲೆ ಮುತ್ಕೊಳುತ್ತಲ್ಲ, ಅದೇ ಪುಟಾಣಿ ನೊಣ.

ನಗಬೇಡಿ. ಮರಿ ಬೆಳೆದು ನೊಣ ಆಗೋವಾಗ ಒಂದು ಜೀವಕೋಶ ಪಕ್ಕದ್ದಕ್ಕೆ ಸಿಗ್ನಲ್ ಕೊಡುತ್ತೆ, ನಾನು ಇದಾಗ್ತೀನಿ, ನೀನು ಅದಾಗು ಅಂತ. ಆ ಮಾತುಕತೆ ಎಲ್ಲೋ ಕೆಟ್ರೆ ರೆಕ್ಕೆ ಅಂಚು ಇಲಿ ಕಡಿದ ಹಾಗಿರುತ್ತೆ.

ಅಂಥ ನೊಣಗಳನ್ನ ವರ್ಷಗಟ್ಟಲೆ ಕ್ರಾಸ್ ಮಾಡಿ ಮಾಡಿ ನಂದೇ ಒಂದು ತಳಿ ಮಾಡ್ಕೊಂಡಿದ್ದೆ. ಅದು ಬೇರೆ ಯಾವ ಲ್ಯಾಬಲ್ಲೂ ಇರ್ಲಿಲ್ಲ.

ದಸರಾ ರಜಕ್ಕೆ ಡಿಪಾರ್ಟ್‌ಮೆಂಟಿಗೆ ಬೀಗ. ನೊಣಕ್ಕೆ ರಜ ಇದ್ಯಾ? ಊಟ ಒಣಗಿದ್ರೆ ಹೊಸ ಬಾಟ್ಲಿಗೆ ಬದಲಾಯಿಸ್ಬೇಕು.

ಅದಕ್ಕೇ ಅಷ್ಟೂ ಬಾಟ್ಲಿಗಳನ್ನ ಬ್ಯಾಗಲ್ಲಿ ಹಾಕ್ಕೊಂಡು ಮನೆಗೆ ತಂದು ನಡುಮನೆ ಗೂಡಲ್ಲಿ ಇಟ್ಟಿದ್ದೆ. ತಳದಲ್ಲಿ ರವೆ, ಬೆಲ್ಲ ಬೇಯಿಸಿ ಹಾಕಿದ ಊಟ, ಬಾಯಿಗೆ ಹತ್ತಿ. ಮುಟ್ಟಬೇಡಿ ಅಂತ ಎಲ್ರಿಗೂ ಹೇಳಿದ್ದೆ, ದೊಡ್ಡಪ್ಪಂಗೂ.

ಅದೇ ರಜೇಲಿ ಮಲ್ಲೇಶ್ವರದವರು ನನ್ನ ನೋಡೋಕೆ ಬರೋದು ಅಂತಾಯ್ತು.

ದೊಡ್ಡಪ್ಪಂಗೆ ಒಂದೇ ಚಿಂತೆ. ಅಷ್ಟು ದೊಡ್ಡ ಮನೆಯೋರು, ಕೇಸರಿಭಾತ್ ಮೇಲೆ ಒಂದು ನೊಣ ಕೂತ್ರೆ ನಮ್ಮ ಮರ್ಯಾದೆ ಏನಾಗ್ಬೇಕು?

ಹತ್ತಿ ಕಿತ್ತು, ಒಂದೊಂದು ಬಾಟ್ಲಿಗೂ ಔಷಧಿ ಹೊಡೆದು, ಮೋರಿಗೆ ಸುರಿದು, ತೊಳೆದು ಬೋರಲು ಹಾಕಿದ್ರು. ನಂಗೇ ಉಪಕಾರ ಮಾಡಿದೀನಿ ಅನ್ನೋ ಮುಖ ಬೇರೆ!

ನಾನು ಅಳ್ತಿದ್ರೆ ಅಮ್ಮ, ಕಣ್ಣು ಊದ್ಕೊಳುತ್ತೆ, ಸುಮ್ನಿರು ಅಂದ್ರು. ದೊಡ್ಡಪ್ಪ, ನಾಳೆ ಹಣ್ಣಿನ ಅಂಗಡಿಗೆ ಹೋಗು, ಬೇಕಾದಷ್ಟು ಹಿಡ್ಕೊಂಡ್ ಬಾ ಅಂದ್ರು. ಮೈಯೆಲ್ಲ ಉರಿದುಹೋಯ್ತು.

ಸಾಯಂಕಾಲ ಅವರೆಲ್ಲ ಬಂದಿದಾರೆ. ನಾನು ಕಾಫಿ ಕೊಟ್ಟು ಕೂತಿದೀನಿ. ಹುಡುಗನ ತಾಯಿ ಪ್ರೀತಿಯಿಂದ್ಲೇ ಕೇಳ್ತಾರೆ, ಏನು ಓದ್ತಿದೀಯಮ್ಮ ಅಂತ.

ದೊಡ್ಡಪ್ಪ ಮಧ್ಯೆ ಬಾಯಿ ಹಾಕಿ, ಏನೋ ಟೈಂಪಾಸ್‌ಗೆ, ಮದುವೆ ಆದ್ಮೇಲೆ ಬಿಟ್ಬಿಡ್ತಾಳೆ ಅಂತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗೀತು.

"ನೊಣಕ್ಕೆ ರೆಕ್ಕೆ ಹೇಗೆ ಬರುತ್ತೆ ಅಂತ ನೋಡ್ತಿದ್ದೆ. ನೀವು ಬರ್ತೀರ ಅಂತ ಬೆಳಿಗ್ಗೆ ನಮ್ಮ ದೊಡ್ಡಪ್ಪ ಅಷ್ಟನ್ನೂ ಸಾಯಿಸಿದ್ರು," ಅಂದೆ.

ಬಂದವರೆಲ್ಲ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ್ರು.

ಆಮೇಲೆ ನಮ್ಮ ಗೈಡು ಬೇರೆ ಟಾಪಿಕ್ ಕೊಟ್ರು, ಹೇಗೋ ಪಿಎಚ್.ಡಿ. ಆಯ್ತು. ಆ ತಳಿ ಮಾತ್ರ ಎಷ್ಟು ಒದ್ದಾಡಿದ್ರೂ ಮತ್ತೆ ಸಿಗ್ಲೇ ಇಲ್ಲ...

ಹೋದ ವಾರ ಒಂದು ನಾಮಕರಣದಲ್ಲಿ ನಮ್ಮ ಕಸಿನ್ಸ್ ಎಲ್ಲ ಇದನ್ನೇ ಹೇಳ್ಕೊಂಡು ಬಿದ್ದು ಬಿದ್ದು ನಕ್ರು. ಎಂಥ ಸಂಬಂಧ ಕಳ್ಕೊಂಡ್ಬಿಟ್ಯಲ್ಲೇ ಅಂತ ಇವತ್ತಿಗೂ ಪೇಚಾಡ್ತಾರೆ.

ನೀವಾದ್ರೂ ಹೇಳಿ, ನಾನು ಆವತ್ತು ಕಳ್ಕೊಂಡಿದ್ದು ಗಂಡನ್ನೇನ್ರೀ?