ಗಾಲಿಮನೆಯ ನಿವ್ವಳ ತೂಕ

ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಕೂತವನು ನಾನು. ಕಬ್ಬಿನ ಗಾಡಿಯನ್ನು ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ತೂಗಿ, ಗಾಡಿಯ ಭಾರ ಕಳೆದು ನಿವ್ವಳ ಹೇಳುವುದು ನನ್ನ ಕೆಲಸ. ತೂಕದ ವಿಷಯದಲ್ಲಿ ಬೇರೆಯವರು ಬಾಯಿ ಹಾಕಿದರೆ ಈಗಲೂ ಸಿಟ್ಟು ಬರುತ್ತದೆ.

ಆಪರೇಷನ್ ಆದ ಮೇಲೆ ಹೆಂಡತಿಗೆ ಮೂತ್ರ ತಡೆಯಲಾಗುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂರುವಂತೆಯೂ ಇರಲಿಲ್ಲ. ದಾರಿಯಲ್ಲಿ ಮಾನ ಹೋದೀತೆಂದು ಅಂಜಿ ಎರಡು ವರ್ಷ ಇಚಲಕರಂಜಿ ಬಿಟ್ಟು ಹೊರಬೀಳಲಿಲ್ಲ. ನೇಸರಿಯಲ್ಲಿರುವ ತನ್ನ ಅಕ್ಕನನ್ನು ಫೋನಿನಲ್ಲಷ್ಟೇ ನೋಡುತ್ತಿದ್ದಳು. ಅದಕ್ಕೇ ಕೊಲ್ಹಾಪುರದಲ್ಲಿ ಹೇಳಿ ಮಾಡಿಸಿ, ಕಾರಿನ ಹಿಂದೆ ಕಟ್ಟುವ ಪುಟ್ಟ ಗಾಲಿಮನೆ ತಂದೆ. ಒಳಗೆ ಮಂಚ, ನೀರಿನ ಟಾಕಿ, ಮುಖ್ಯವಾಗಿ ಕಮೋಡು. ಅವಳು ನಾಲ್ಕು ಸಲ ಹತ್ತಿ ಇಳಿದು ನೋಡಿದಳು. ಹೊಸ ಸೀರೆ ತೆಗೆದಿಟ್ಟಳು.

ಅಕ್ಕನ ಊರಿಗೆ ಹೊರಡುವ ಮುಂಚೆ ಗಾಲಿಮನೆಯನ್ನು ಖಾಲಿ ತೂಗಿಸಿ, ಸಾಮಾನು, ನೀರು ತುಂಬಿ ಮತ್ತೆ ತೂಗಿಸಿದೆ. ಭಾರ ನೋಡಿ ಗಾಳಿ ಹಾಕಬೇಕೆಂದು ಟೈರಿನವನು ಕೇಳಿದಾಗ ಚೀಟಿಯ ಕೊನೆಯ ಅಂಕಿ ಹೇಳಿದೆ.

“ಇಷ್ಟ ಹಗೂರ ಐತೇನ್ರಿ ಇದು?” ಎಂದ.

ತೂಕ ನನಗೆ ಕಲಿಸಬೇಡ ಎಂದು ಗದರಿದೆ. ಅವನು ಆ ತೂಕಕ್ಕೆ ತಕ್ಕಷ್ಟೇ ಗಾಳಿ ಹಾಕಿದ.

ಸಂಕೇಶ್ವರ ದಾಟಿ, ಗಡಹಿಂಗ್ಲಜ ಇನ್ನೇನು ಬಂತು ಅನ್ನುವಾಗ ಹಿಂದೆ ಢಬ್ ಎಂದಿತು. ಎಡಗಾಲಿ ಸಿಡಿದಿತ್ತು. ಬಲಗಾಲಿ ಮುಟ್ಟಿದರೆ ಕೈ ಸುಟ್ಟಿತು. ಚೀಟಿ ತೆಗೆದು ನೋಡಿದೆ. ನಾನು ಹೇಳಿದ್ದು ನಿವ್ವಳ, ಅಂದರೆ ಹಾಸಿಗೆ, ಪಾತ್ರೆ, ನೀರಿನ ತೂಕ ಮಾತ್ರ. ಗಾಲಿಮನೆಯ ಸ್ವಂತ ಭಾರವನ್ನು ಕಬ್ಬಿನ ಗಾಡಿಗೆ ಮಾಡುವಂತೆ ಕಳೆದುಬಿಟ್ಟಿದ್ದೆ. ಗಾಲಿ ಹೊರುವುದು ಎರಡನ್ನೂ ಎಂಬುದು ಕೂಸಿಗೂ ತಿಳಿಯುವ ಮಾತು. ಗಾಳಿ ಸಾಲದೆ ಟೈರು ಕಾದು ಒಡೆದಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಗಾಲಿಮನೆ ಎಡಕ್ಕೆ ವಾಲಿ ರಸ್ತೆ ಬದಿಯ ಏರಿಗೆ ಒರಗಿತ್ತು. ಬಾಗಿಲು ಅದೇ ಬದಿಗೆ. ಎಳೆದೆ, ಒದ್ದೆ, ನಾಲ್ಕು ಬೆರಳಿನಷ್ಟೂ ತೆರೆಯಲಿಲ್ಲ. ಜಾಕ್ ಹಚ್ಚಿದರೆ ಮಣ್ಣಿನಲ್ಲಿ ಹೂತುಕೊಂಡಿತು. ಲಗೂನ ತೆಗೆಯಿರಿ ಎಂದು ಹೆಂಡತಿ ಕಾರಿನೊಳಗಿಂದ ಎರಡು ಸಲ ಹೇಳಿದಳು. ಸುತ್ತಲೂ ಕಬ್ಬು ಕಡಿದು ಹೊಲ ಬಯಲಾಗಿತ್ತು. ಬಸ್ಸೊಂದು ನಿಧಾನವಾಯಿತು, ಕಿಟಕಿಗಳಿಂದ ಜನ ಇಣುಕಿದರು, ಹೋಯಿತು.

ಕಾರಿನ ಬಳಿ ಓಡಿ, ಒಂದು ನಿಮಿಷ ತಡಿ ಎಂದೆ. ಆ ನಿಮಿಷದಲ್ಲಿ ಏನು ಮಾಡುವವನಿದ್ದೆನೋ ನನಗೇ ಗೊತ್ತಿರಲಿಲ್ಲ. ಅವಳು ಹೊಸ ಸೀರೆಯ ಸೆರಗು ಬಾಯಿಗೊತ್ತಿ ಕೂತಿದ್ದಳು. ನೆರಿಗೆ ಆಗಲೇ ತೊಯ್ಯತೊಡಗಿತ್ತು.

“ಆ ಕಡೆ ನೋಡ್ರಿ,” ಎಂದಳು.

ನಲವತ್ತು ವರ್ಷ ಜೊತೆಗೆ ಬಾಳಿದವಳು. ನಾನು ತಿರುಗಿ ಬೋಳು ಹೊಲ ನೋಡುತ್ತ ನಿಂತೆ. ಅವಳು ಕರೆದ ಮೇಲೆ ಈ ಕಡೆ ತಿರುಗೋಣವೆಂದುಕೊಂಡೆ. ಅವಳು ಕರೆಯಲಿಲ್ಲ.